ಏಡನ್, ರಂಗೂನು, ಫಿಜಿ

ನಾನು ಕಲಿತವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಯಾರೂ ನಂಬಲಿಕ್ಕಿಲ್ಲ. ಬಾದಾಮಿಯ ನಮ್ಮ ಓಣಿಯಲ್ಲಿ ಮ್ಯಾಟ್ರಿಕ್ ಪಾಸಾದ ಮೊದಲನೆಯವನು ನಾನು. ಮಾಸ್ತರಿಕೆಯ ಪರೀಕ್ಷೆಯನ್ನೂ ಮುಗಿಸಿ, ಇಂಗ್ಲಿಷ್ ಕಲಿಸಲು ಯೋಗ್ಯನೆಂಬ ಸರ್ಟಿಫಿಕೇಟು ಪಡೆದಿದ್ದೇನೆ. ಬಾಗಲಕೋಟೆಯ ಒಂದು ಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿದೆ. ಕೇಳುವ ಮೊದಲೇ ಉತ್ತರ ಹೇಳುವ ಮಾಸ್ತರ ಎಂದು ಹುಡುಗರು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದಿದ್ದೆ.

೧೯೧೧ರ ಪ್ಲೇಗಿನಲ್ಲಿ ಊರು ಖಾಲಿಯಾಯಿತು. ನಾವೂ ಹೊಲದಲ್ಲಿ ಗುಡಿಸಲು ಹಾಕಿದೆವು. ಅಲ್ಲಿಯೇ ನಮ್ಮ ಮೂರು ವರ್ಷದ ಮಗಳು ಲಾಲಬಿ ತೀರಿಕೊಂಡಳು. ಅದೇ ತಿಂಗಳು, ಹುಡುಗರೇ ಇಲ್ಲವೆಂದು ಶಾಲೆಯ ಇಂಗ್ಲಿಷ್ ವರ್ಗವನ್ನು ಮುಚ್ಚಿದರು. ಹೆಂಡತಿ ಶಹರಬಾನುವನ್ನು ಇಳಕಲ್ಲಿನ ತವರಿಗೆ ಕಳಿಸಿ ನಾನೊಬ್ಬನೇ ಬಾಗಲಕೋಟೆಯಲ್ಲಿ ಉಳಿದೆ. ಹುಬ್ಬಳ್ಳಿ, ವಿಜಾಪುರ, ಬೆಳಗಾವಿ, ಎಲ್ಲಿಗೆ ಅರ್ಜಿ ಬರೆದರೂ ಒಂದೇ ಉತ್ತರ, ಜಾಗ ಖಾಲಿ ಇಲ್ಲ. ಒಂದೂವರೆ ವರ್ಷ ಹೀಗೆ ನಡೆಯಿತು. ಕಡೆಕಡೆಗೆ ಒಂದು ಹೊತ್ತು ಉಂಡು ಇನ್ನೊಂದು ಹೊತ್ತು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದೆ. ಬಜಾರಿನಲ್ಲಿ ಹಳೆಯ ವಿದ್ಯಾರ್ಥಿಗಳು ಎದುರಾದರೆ ಓಣಿ ಬದಲಿಸುತ್ತಿದ್ದೆ.

ಟಪಾಲು ಆಫೀಸಿನ ಪ್ರಾಣೇಶರಾಯರು ನನ್ನ ಗೆಳೆಯರು. ಆಫೀಸಿಗೆ ಬರುವ ಮುಂಬಯಿಯ ಇಂಗ್ಲಿಷ್ ಪೇಪರನ್ನು ನನಗೆ ಓದಲು ಕೊಡುತ್ತಿದ್ದರು. ಅದರಲ್ಲಿ ಪರದೇಶದ ಶಾಲೆಗಳಿಗೆ ಇಂಗ್ಲಿಷ್ ಮಾಸ್ತರರು ಬೇಕೆಂಬ ಜಾಹೀರಾತುಗಳನ್ನು ನೋಡಿ, ಹತಾಶೆಯಿಂದಲೇ ಹನ್ನೊಂದು ಅರ್ಜಿ ಹಾಕಿದೆ. ಮೂರು ಕಡೆಯಿಂದ ಬಾ ಎಂದು ಕಾಗದ ಬಂತು. ಒಂದು ಏಡನ್ನಿನದು. ಅಲ್ಲಿಯ ಶಾಲೆಯಲ್ಲಿ ಮೊದಲ ವರ್ಷ ಒಬ್ಬನಿಗಷ್ಟೇ ಕೋಣೆ, ವರ್ಷ ಕಳೆದ ಮೇಲೆ ಮನೆ ಕೊಡುತ್ತಾರೆ, ಹೆಂಡತಿಯನ್ನು ಕರೆಸಿಕೊಳ್ಳಬಹುದು. ಇನ್ನೊಂದು ರಂಗೂನಿನದು. ವ್ಯಾಪಾರಿಗಳು ನಡೆಸುವ ಶಾಲೆ, ಎರಡು ವರ್ಷದ ಕರಾರು. ಮೂರನೆಯದು ಫಿಜಿ ದ್ವೀಪದ್ದು. ಕಬ್ಬಿನ ತೋಟದ ಸಾಹೇಬರು ತಮ್ಮ ಗುಮಾಸ್ತರ ಮಕ್ಕಳಿಗಾಗಿ ತೆಗೆದ ಶಾಲೆ. ಅಲ್ಲಿಗೆ ಒಬ್ಬನಿಗೇ ಹಡಗಿನ ಟಿಕೀಟು, ಕರಾರು ಐದು ವರ್ಷ, ನಡುವೆ ಬಿಟ್ಟು ಬರುವ ಹಾಗಿಲ್ಲ.

ಯಾವನಿಗೇ ಆಗಲಿ ಇದರಲ್ಲಿ ವಿಚಾರ ಮಾಡುವಂಥದ್ದೇನೂ ಇರಲಿಲ್ಲ. ಏಡನ್ನಿಗೆ ಹೋಗುತ್ತೇನೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿ, ಹೆಂಡತಿಗೂ ಮಾವನಿಗೂ ಹೇಳಿ ಬರೋಣವೆಂದು ಇಳಕಲ್ಲಿಗೆ ಹೊರಟೆ. ಕಮತಗಿಯವರೆಗೆ ಜೋಳದ ಗಾಡಿಯಲ್ಲಿ ಕುಳಿತು, ಹೊಳೆ ದಾಟಿ ಹುನಗುಂದದವರೆಗೆ ನಡೆದು, ಮರುದಿನ ಮಧ್ಯಾಹ್ನ ಮಾವನ ಮನೆ ಮುಟ್ಟಿದೆ. ದಾರಿಯುದ್ದಕ್ಕೂ ಎಷ್ಟೋ ದಿನಗಳ ಮೇಲೆ ಹಾಡು ಗುನುಗಿದೆ.

ನನ್ನ ಮಾವ ಗೌಸಸಾಬ ಸೀರೆಯ ರೇಷ್ಮೆಗೆ ಬಣ್ಣ ಹಾಕುವವರು. ಭಾಳ ಒಳ್ಳೆಯ ಮನುಷ್ಯ. ಆದರೆ ನನ್ನ ಮಾತು ಮುಗಿಯುವುದರೊಳಗೆ ಅವರ ಮುಖ ಸಪ್ಪಗಾಯಿತು. ಅದಕ್ಕೆ ಕಾರಣ ಒಳಗೆ ಕುಳಿತು ರೇಷ್ಮೆ ಸುತ್ತುತ್ತಿತ್ತು. ಅವರ ಹಿರಿಯ ಮಗಳು ಸುಗರಾ. ಅವಳ ಗಂಡ ರೈಲು ಕೆಲಸಕ್ಕೆಂದು ಆಫ್ರಿಕಾಕ್ಕೆ ಹೋಗಿ ಒಂಬತ್ತು ವರ್ಷವಾಗಿತ್ತು. ಸತ್ತನೆಂದು ಸುದ್ದಿಯಿಲ್ಲ, ಇದ್ದಾನೆಂದು ಪತ್ತೆಯಿಲ್ಲ. ಸತ್ತ ಪುರಾವೆ ಇಲ್ಲದೆ ಇನ್ನೊಂದು ನಿಕಾಹ ಮಾಡಲು ಬರುವುದಿಲ್ಲವೆಂದು ಖಾಜಿಯವರು ಹೇಳಿದ್ದರು. ಇಪ್ಪತ್ತಕ್ಕೆ ತವರಿಗೆ ಬಂದವಳಿಗೆ ಈಗ ಇಪ್ಪತ್ತೊಂಬತ್ತು. ಅತ್ತ ಹೆಂಡತಿಯೂ ಅಲ್ಲ, ಇತ್ತ ವಿಧವೆಯೂ ಅಲ್ಲ.

"ಹೋಗಬ್ಯಾಡ ಅನ್ನಂಗಿಲ್ಲ ಮಾಸ್ತರ," ಎಂದರು ಗೌಸಸಾಬ. "ಹೊಟ್ಟಿ ಕೇಳಬೇಕಲ್ಲ. ಆದ್ರ ಒಬ್ಬ ಮಗಳನ್ನ ಹಿಂಗ ಕುಂದ್ರಿಸಿ ನೋಡೇನಿ. ಇನ್ನೊಬ್ಬಾಕಿನ್ನ ಕುಂದ್ರಸಂಗಿಲ್ಲ. ಕಾಗದ ಬರದು ಕೊಟ್ಟು ಹೋಗ್ರಿ."

ಆ ಕಾಗದ ಏನೆಂದು ಖಾಜಿ ಜಲಾಲುದ್ದೀನರು ಬಂದು ತಿಳಿಸಿ ಹೇಳಿದರು. ಸಮುದ್ರ ದಾಟುವ ಗಂಡ, ಇಷ್ಟು ಮುದತ್ತಿನೊಳಗೆ ನನ್ನಿಂದ ಒಂದೂ ಕಾಗದ ಬರದಿದ್ದರೆ ನನ್ನ ಹೆಂಡತಿಗೆ ತಲಾಖ ಆದಂತೆಯೇ ಎಂದು ಮೊದಲೇ ಬರೆದಿಡಬೇಕು. ಮುದತ್ತು ಮುಗಿದ ದಿನ ಯಾರೂ ಏನೂ ಹೇಳದೆ, ಮಾಡದೆ, ಸಂಬಂಧ ತಾನಾಗಿಯೇ ಹರಿಯುತ್ತದೆ. ಹುಡುಗಿ ಸುಗರಾಳಂತೆ ಕೊಳೆಯುವುದು ತಪ್ಪುತ್ತದೆ.

"ಮುದತ್ತು ಎಷ್ಟು?" ಎಂದು ಕೇಳಿದೆ.

"ನಮ್ಮಪ್ಪನ ಕಾಲದಿಂದ ಒಂದ ಪದ್ಧತಿ," ಎಂದರು ಖಾಜಿಯವರು. "ಟಪಾಲು ಹೋಗಿ ಬರಾಕ ಎಷ್ಟು ದಿನ ಬೇಕೋ ಅದರ ನಾಕ ಪಟ್ಟು. ಒಂದು ಕಾಗದ ಕಳದ್ರ ಎರಡನೇದು, ಅದೂ ಕಳದ್ರ ಮೂರನೇದು. ನಾಕನೇದೂ ಬರಲಿಲ್ಲಂದ್ರ ಮನಶ್ಯಾನ ಇಲ್ಲ ಅಂತ ತಿಳೀಬೇಕು. ಏಡನ್ನಿಗೆ ಹೋಗಿ ಬರಾಕ ಇಪ್ಪತ್ತ ದಿನ. ಅಂದ್ರ ಎಂಬತ್ತ ದಿನ."

"ಎಂಬತ್ತು ದಿನದ ಮ್ಯಾಲೆ ಒಂದ ದಿನಾನೂ ನಾ ಕಾಯಂಗಿಲ್ಲ," ಎಂದರು ಗೌಸಸಾಬ. ಅವರು ಅಳುತ್ತಿದ್ದರು. "ಇದ್ದತ್ತಿನ ಮೂರು ತಿಂಗಳು ಮುಗೀತಿದ್ದಂಗ ಬ್ಯಾರೆ ಮನಿ ನೋಡತೇನಿ. ಮೊದಲ ಹೇಳೇನಿ, ಆಮ್ಯಾಲೆ ಬೈಬ್ಯಾಡ್ರಿ."

ಎಂಬತ್ತು ದಿನ! ಪ್ಲೇಗಿನ ವರ್ಷ ಬಾಗಲಕೋಟೆಯಿಂದ ಇಳಕಲ್ಲಿಗೆ ನಾನು ಬರೆದ ಕಾಗದ ಮುಟ್ಟಲು ಹತ್ತೊಂಬತ್ತು ದಿನ ಹಿಡಿದಿತ್ತು. ಅದೂ ಮಧ್ಯದಲ್ಲಿ ಸಮುದ್ರವಲ್ಲ, ಒಂದು ಹೊಳೆ. ಇನ್ನೊಂದು ಕಾಗದ ಮುಟ್ಟಲೇ ಇಲ್ಲ, ಮಗಳು ಬೇನೆ ಬಿದ್ದ ಸುದ್ದಿ ಬರೆದದ್ದೇ ಅದು. ಏಡನ್ನಿನಲ್ಲಿ ಎರಡು ತಿಂಗಳು ಜ್ವರ ಹಿಡಿದು ಮಲಗಿದರೆ? ಇಲ್ಲಿ ಮತ್ತೆ ಪ್ಲೇಗು ಬಂದು ಊರವರೆಲ್ಲ ಹೊಲ ಸೇರಿದರೆ? ಟಪಾಲಿನವನು ಯಾವ ಗುಡಿಸಲು ಎಂದು ಹುಡುಕುತ್ತಾನೆ? ನಾನು ಬದುಕಿರುವಾಗಲೇ, ಒಂದು ಚೀಲ ಟಪಾಲು ಎಲ್ಲೋ ತಪ್ಪಿದ್ದಕ್ಕೆ, ನನ್ನ ಶಹರಬಾನು ಇನ್ನೊಬ್ಬನ ಮನೆ ಸೇರುತ್ತಾಳೆ.

ಊರು ಗೊತ್ತು ಮಾಡಿಕೊಂಡು ಹದಿನೈದು ದಿನಕ್ಕೆ ಬರುತ್ತೇನೆ, ಆಗ ಬರೆಯೋಣ ಎಂದು ಹೇಳಿದೆ. ಹೊರಡುವ ಮುಂದೆ ಶಹರಬಾನು ಹಿತ್ತಲ ಬಾಗಿಲಿಗೆ ಬಂದಳು. ಮಗಳು ಹೋದ ಮೇಲೆ ಅವಳು ಎಷ್ಟು ಸೊರಗಿದ್ದಳೆಂದರೆ ಬಳೆಗಳು ಮೊಣಕೈವರೆಗೆ ಏರಿದ್ದವು.

"ನಂದೊಂದು ಮಾತಿತ್ತು," ಎಂದಳು.

"ನೀ ಏನೂ ಚಿಂತಿ ಮಾಡಬ್ಯಾಡ. ಎಲ್ಲಾ ನಾ ನೋಡ್ಕೋತೇನಿ," ಎಂದೆ.

"ಹಂಗಲ್ರೀ, ಆ ಕಾಗದದಾಗ—"

"ಕಾಗದ ಓದೂದು ಬರಿಯೂದು ನನಗ ಬಿಡು. ಅದಕ್ಕ ನಾ ಮಾಸ್ತರ ಆಗೇನಿ," ಎಂದು ನಕ್ಕು ಅವಳ ಗಲ್ಲ ಸವರಿದೆ. ಗಾಡಿ ಹೊರಟಿತ್ತು, ಓಡಿ ಹೋಗಿ ಹತ್ತಿದೆ.

ಬಾಗಲಕೋಟೆಗೆ ಬಂದವನೇ ಪ್ರಾಣೇಶರಾಯರ ಮೇಜಿನ ಮುಂದೆ ಕುಳಿತೆ. ಅವರ ಹತ್ತಿರ ಯಾವ ಊರಿನ ಟಪಾಲು ಯಾವ ಹಡಗಿನಲ್ಲಿ ಎಷ್ಟು ದಿನಕ್ಕೆ ಮುಟ್ಟುತ್ತದೆಂಬ ದಪ್ಪ ಪುಸ್ತಕವಿತ್ತು. ರಂಗೂನಿಗೆ ಹೋಗಿ ಬರಲು ಇಪ್ಪತ್ತೆರಡು ದಿನ. ಅಂದರೆ ಮುದತ್ತು ಮೂರು ತಿಂಗಳೂ ಇಲ್ಲ. ಏಡನ್ನಿನ ಗತಿಯೇ. ಫಿಜಿಗೆ? ಪ್ರಾಣೇಶರಾಯರು ಕನ್ನಡಕ ಮೇಲೇರಿಸಿ ಎರಡು ಪುಟ ಹಿಂದೆ ಮುಂದೆ ತಿರುವಿದರು. ನಡುವೆ ಹಡಗು ಬದಲಿಸಿ ಕಾಯುವುದೂ ಸೇರಿ ಹೋಗಲು ಮೂರು ತಿಂಗಳು, ಬರಲು ಮೂರು ತಿಂಗಳು.

ನಾಲ್ಕು ಪಟ್ಟು ಎಂದರೆ ಎರಡು ವರ್ಷ.

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ನನ್ನಷ್ಟು ಜಾಣ ಈ ಜಿಲ್ಲೆಯಲ್ಲೇ ಇಲ್ಲ ಎನ್ನಿಸಿತು. ಹತ್ತಿರದ ಊರಿಗೆ ಹೋದರೆ ಹೆಂಡತಿ ಎಂಬತ್ತು ದಿನದಲ್ಲಿ ಕೈಬಿಟ್ಟು ಹೋಗಬಹುದು. ಎಲ್ಲಕ್ಕಿಂತ ದೂರದ ಊರಿಗೆ ಹೋದರೆ ಎರಡು ವರ್ಷ ಯಾರಪ್ಪನೂ ಅವಳನ್ನು ಮುಟ್ಟುವಂತಿಲ್ಲ. ಎರಡು ವರ್ಷದಲ್ಲಿ ಒಂದು ಕಾಗದ ಮುಟ್ಟಿದರೆ ಸಾಕು, ಮತ್ತೆ ಎರಡು ವರ್ಷ. ಐದು ವರ್ಷ ಅವಳ ಮುಖ ನೋಡುವಂತಿಲ್ಲ ಎನ್ನುವುದೇನೋ ಖರೆ. ಆದರೆ ಐದು ವರ್ಷದ ಮೇಲೂ ಅವಳು ನನ್ನವಳಾಗಿಯೇ ಇರುತ್ತಾಳಲ್ಲ. ಆ ಒಂದೂವರೆ ವರ್ಷದಲ್ಲಿ ಕೆಲಸ ಹೋಗಿತ್ತು, ಮಗಳು ಹೋಗಿದ್ದಳು, ಮಾನ ಹೋಗಿತ್ತು. ಅವಳೊಬ್ಬಳನ್ನು ಹೋಗಗೊಡಬಾರದು ಎನ್ನುವುದೊಂದೇ ತಲೆಯಲ್ಲಿತ್ತು. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ ನಾನು ಫಿಜಿಯನ್ನು ಹಿಡಿದೆ.

"ಮನ್ಯಾಗ ಏನಂತಾರೋ ಇಬ್ರಾಹಿಂ?" ಎಂದು ಕೇಳಿದರು ಪ್ರಾಣೇಶರಾಯರು.

"ಅವರಿಗೇನ ತಿಳೀತೈತ್ರಿ ಇದರಾಗ?" ಎಂದೆ.

ಅವರ ಮುಂದೆಯೇ ಫಿಜಿಯ ಕರಾರಿಗೆ ಸಹಿ ಮಾಡಿ ಕಲಕತ್ತೆಯ ಏಜೆಂಟನಿಗೆ ರಜಿಸ್ಟರ್ ಮಾಡಿದೆ. ಏಡನ್ನಿನವರ ಮುಂಬಯಿ ಆಫೀಸಿಗೂ ರಂಗೂನಿನ ವ್ಯಾಪಾರಿಗಳ ಮದ್ರಾಸಿನ ಪೇಢಿಗೂ ಒಲ್ಲೆನೆಂದು ಬರೆದೆ. ಬರೀ ಒಲ್ಲೆ ಎಂದರೆ ಮುಗಿಯುತ್ತಿತ್ತು. ನಾನು ಒಂದೊಂದಕ್ಕೂ ಎರಡೆರಡು ಪುಟ ಬರೆದು, ಇಂಥ ಇಂಗ್ಲಿಷ್ ಬರೆಯುವವನನ್ನು ಕಳೆದುಕೊಂಡೆವಲ್ಲ ಎಂದು ಅವರು ಕೈ ಕೈ ಹಿಚುಕಿಕೊಳ್ಳಬೇಕು, ಹಾಗೆ ಬರೆದೆ. ಹತ್ತನೆಯ ದಿನ ಕಲಕತ್ತೆಯಿಂದ ತಂತಿ ಬಂತು. ಮುಂದಿನ ತಿಂಗಳ ನಾಲ್ಕಕ್ಕೆ ಹಡಗು.

ಹೇಳಿದ ದಿನಕ್ಕೆ ಇಳಕಲ್ಲಿನಲ್ಲಿ ಮತ್ತೆ ಎಲ್ಲರೂ ಕುಳಿತೆವು. ಗೌಸಸಾಬ, ಖಾಜಿಯವರು ಮತ್ತು ನಾನು ಪಡಸಾಲೆಯಲ್ಲಿ. ಸುಗರಾ, ಶಹರಬಾನು ಒಳಬಾಗಿಲ ಹಿಂದೆ. ಫಿಜಿ ಎಂದಾಗ ಖಾಜಿಯವರಿಗೂ ಅದು ಯಾವ ದಿಕ್ಕಿಗೆಂದು ತಿಳಿಯಲಿಲ್ಲ. ಪ್ರಾಣೇಶರಾಯರು ಬರೆದುಕೊಟ್ಟ ಚೀಟಿ ತೋರಿಸಿದೆ. ಎರಡು ವರ್ಷ ಎಂಬ ಮಾತು ಕೇಳಿ ಗೌಸಸಾಬ ತಲೆ ತಗ್ಗಿಸಿದರು. ಆದರೆ ಪದ್ಧತಿ ಪದ್ಧತಿಯೇ. ಅವರೇ ಒಪ್ಪಿದ ಪದ್ಧತಿ. ಖಾಜಿಯವರು ಬರೆಯಲು ಶುರು ಮಾಡಿದರು. ನಾನು ಒಳಗೊಳಗೇ ಹಿಗ್ಗುತ್ತ ಗೋಡೆಗೆ ಒರಗಿ ಕುಳಿತಿದ್ದೆ. ಬರೆದದ್ದನ್ನು ಅವರು ಗಟ್ಟಿಯಾಗಿ ಓದಿದರು. ಎರಡು ವರ್ಷ ಕಾಗದ ಬರದಿದ್ದರೆ ತಲಾಖ ತಾನಾಗಿಯೇ ಆದಂತೆ.

"ತಾನ ಯಾಕ ಆಗಬೇಕ್ರಿ ಅದು?"

ಶಹರಬಾನುವಿನ ದನಿ. ಹಿರಿಯರ ಮುಂದೆ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಮುದತ್ತ ಮುಗದ ಮ್ಯಾಲೆ ಹರೀಬೇಕೋ ಬ್ಯಾಡೋ ಅಂತ ನನಗ ಕೇಳಿ ಮಾಡಾಕ ಬರಂಗಿಲ್ಲೇನು?" ಎಂದಳು. "ನನಗ ಬೇಕಂದ್ರ ಬಿಡಸ್ಕೋತೇನಿ. ಬ್ಯಾಡಂದ್ರ ಕಾಯತೇನಿ. ನನ್ನ ಕೈಯಾಗ ಇಡಾಕ ಬರಂಗಿಲ್ಲೇನ್ರಿ ಖಾಜಿಸಾಬ?"

ಖಾಜಿಯವರು ಲೇಖನಿ ಕೆಳಗಿಟ್ಟರು. "ಬರತೈತವ್ವ. ಶರಿಯತ್ತಿನಾಗ ಐತಿ. ಗಂಡ ಆ ಅಧಿಕಾರ ಹೆಂಡ್ತಿ ಕೈಯಾಗ ಕೊಡಬಹುದು."

"ಮತ್ತ ಮೊದಲ ಯಾಕ ಹೇಳಲಿಲ್ರಿ?" ಎಂದು ನಾನು ಕಿರುಚಿದೆ.

"ಯಾರೂ ಕೇಳಲಿಲ್ಲಲ್ಲ ಮಾಸ್ತರ," ಎಂದರು.

ಗೌಸಸಾಬ ಏನು ಹೇಳುತ್ತಾರೋ ಎಂದು ನೋಡಿದೆ. ಅವರು ಹೇಳುವ ಮೊದಲೇ ಸುಗರಾ ಒಳಗಿನಿಂದ ಹೇಳಿದಳು: "ಅಪ್ಪಾ, ನನ್ನ ಕೈಯಾಗ ಹಂಗ ಒಂದು ಕಾಗದ ಇದ್ದಿದ್ರ ನಾ ಎಂದೋ ಬಿಡಸ್ಕೋತಿದ್ದೆ. ಆಕಿ ಕೈಯಾಗ ಕೊಡ್ರಿ." ಗೌಸಸಾಬ ಮುಖ ಮುಚ್ಚಿಕೊಂಡು ಆಗಲಿ ಎಂದು ತಲೆಯಾಡಿಸಿದರು.

ಎಲ್ಲರಿಗೂ ಸಮಾಧಾನವಾಯಿತು. ನನಗೊಬ್ಬನಿಗೆ ಆಗಲಿಲ್ಲ. ಹರಿಯುವುದು ಅವಳ ಕೈಯಲ್ಲಿದ್ದರೆ ಎಂಬತ್ತು ದಿನದ ಮುದತ್ತಿಗೆ ನಾನು ಯಾಕೆ ಹೆದರಬೇಕಿತ್ತು? ನನ್ನ ಕಾಗದ ತಡವಾಯಿತೆಂದು, ಟಪಾಲಿನ ಚೀಲ ತಪ್ಪಿತೆಂದು ಅವಳು ನನ್ನನ್ನು ಬಿಡುತ್ತಿದ್ದಳೇ? ಏಡನ್ನಿಗೆ ಹೋಗಬಹುದಿತ್ತು. ಒಂದು ವರ್ಷ ಕಳೆದರೆ ಮನೆ. ಅವಳೂ ನಾನೂ ಒಂದೇ ಸೂರಿನಡಿ. ಹಿತ್ತಲ ಬಾಗಿಲಲ್ಲಿ ಅವಳು ಹೇಳಬಂದ ಮಾತು ಇದೇ ಆಗಿತ್ತು. ನಾನು ನಕ್ಕು ಗಲ್ಲ ಸವರಿ ಗಾಡಿ ಹತ್ತಿದ್ದೆ.

ಕಾಗದ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಲು ಹೇಳಿ ಬಾಗಲಕೋಟೆಗೆ ಓಡಿದೆ. ಓಡಿದೆ ಎಂದರೆ ನಿಜವಾಗಿ ಓಡಿದೆ. ಹುನಗುಂದದ ಹತ್ತಿರ ಒಂದು ಮೆಟ್ಟು ಹರಿಯಿತು, ಇನ್ನೊಂದನ್ನೂ ಬಿಸಾಡಿ ನಡೆದೆ. ಪ್ರಾಣೇಶರಾಯರು ನನ್ನ ಕಾಲು ನೋಡಿ ಏನನ್ನೂ ಕೇಳದೆ ತಂತಿ ಬಾರಿಸಿದರು. ಮುಂಬಯಿಗೆ, ಏಡನ್ನಿನ ಕೆಲಸ ಇನ್ನೂ ಇದೆಯೇ, ಬರಲು ಒಪ್ಪಿದ್ದೇನೆ ಎಂದು. ಮದ್ರಾಸಿಗೂ ಅದೇ. ಕಲಕತ್ತೆಗೆ, ಕರಾರಿನಿಂದ ದಯಮಾಡಿ ಬಿಡಿಸಿ ಎಂದು. ಎರಡು ದಿನ ಆಫೀಸಿನ ಕಟ್ಟೆಯ ಮೇಲೆ ಕುಳಿತೆ. ಅಷ್ಟು ಹೊತ್ತು ನಾನು ಯಾವತ್ತೂ ದೇವರನ್ನು ಬೇಡಿದವನಲ್ಲ. ಯಾವ ನಮಾಜನ್ನೂ ತಪ್ಪಿಸಲಿಲ್ಲ. ಮೊದಲು ಮುಂಬಯಿಯ ಉತ್ತರ ಬಂತು. ಜಾಗ ತುಂಬಿದೆ. ಮರುದಿನ ಮದ್ರಾಸಿನದು. ಬೇರೊಬ್ಬರನ್ನು ಕಳಿಸಿದ್ದೇವೆ. ಕಲಕತ್ತೆಯವನು ಎಲ್ಲಕ್ಕಿಂತ ಉದ್ದ ಬರೆದಿದ್ದ. ಸಹಿ ಮಾಡಿದ ಕರಾರಿಗೆ ತಪ್ಪಿದರೆ ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ, ಮಾಸ್ತರಿಕೆಯ ಸರ್ಟಿಫಿಕೇಟನ್ನೂ ರದ್ದು ಮಾಡಿಸಲು ಬರೆಯುತ್ತೇವೆ.

"ಹೋಗಿ ಬಾರೋ," ಎಂದರು ಪ್ರಾಣೇಶರಾಯರು. "ಐದು ವರ್ಷ ಹ್ಯಾಂಗರ ಹೋಗತಾವ." ಅವರಿಗೂ ಕಣ್ಣೀರು ಬಂದಿತ್ತು. ನನಗೆ ಅವರ ಮೇಲೂ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದಾಗ ಹತ್ತಿರವಿದ್ದವರ ಮೇಲೆ ಮಾಡುವ ಚಟ ನನಗೆ ಮೊದಲಿನಿಂದಲೂ ಇದೆ.

ಮೂರನೆಯ ಸಲ ಇಳಕಲ್ಲಿಗೆ ಹೋದೆ. ಯಾವ ತಂತಿಗೆ ಏನು ಉತ್ತರ ಬಂತೆಂದು ಪಡಸಾಲೆಯಲ್ಲಿ ನಿಂತು, ವರ್ಗದಲ್ಲಿ ಪಾಠ ಒಪ್ಪಿಸುವ ಹುಡುಗನಂತೆ ಹೇಳಿದೆ. ಶಹರಬಾನು ಬಾಗಿಲ ಹಿಂದಿನಿಂದ ಹೊರಗೆ ಬಂದು ನಿಂತಿದ್ದಳು. ಯಾರೂ ಒಳಗೆ ಹೋಗೆನ್ನಲಿಲ್ಲ.

ಖಾಜಿಯವರು ಹೊಸ ಹಾಳೆ ತೆಗೆದರು. "ಎರಡು ವರ್ಷ ಕಾಗದ ಬರದಿದ್ದರೆ, ಬಿಡಿಸಿಕೊಳ್ಳುವ ಅಧಿಕಾರ ಶಹರಬಾನುವಿನ ಕೈಯಲ್ಲಿ," ಎಂದು ಬರೆಯಹೋದರು.

"ಕಾಗದದ ಮಾತು ತಗೀರಿ," ಎಂದಳು ಶಹರಬಾನು. "ಸುಗರಾನ ಗಂಡನೂ ಮೊದಲ ಮೂರು ವರ್ಷ ಕಾಗದ ಬರದಾನ. ಕಾಗದ ತಗೊಂಡು ನಾ ಏನ ಮಾಡ್ಲಿ? ಐದು ವರ್ಷ ಅಂತ ಇವರ ಗೊತ್ತ ಮಾಡ್ಯಾರ. ನನಗ ಕೇಳಿಲ್ಲ. ಎರಡು ವರ್ಷ ನಾ ಕಾಯತೇನಿ. ಆಮ್ಯಾಲೆ ಕಾಗದ ಬರ್ಲಿ ಬಿಡ್ಲಿ, ನನ್ನ ಕೈಯಾಗ ಇರ್ಲಿ."

ಗೌಸಸಾಬ ನನ್ನನ್ನು ನೋಡಿದರು. ಖಾಜಿಯವರೂ ನೋಡಿದರು. ಗಂಡ ಒಪ್ಪಬೇಕು, ಒಪ್ಪದಿದ್ದರೆ ಬರೆಯಲು ಬರುವುದಿಲ್ಲ ಎಂದರು. ಒಲ್ಲೆ ಎನ್ನಬಹುದಿತ್ತು. ಒಲ್ಲೆ ಎನ್ನಲು ಬಾಯಿ ತೆರೆದೆ. ಅವಳ ಮೊಣಕೈಗೇರಿದ ಬಳೆಗಳು ಕಂಡವು. ಗುಡಿಸಲಿನಿಂದ ಮಗುವನ್ನು ಹೊತ್ತೊಯ್ದ ದಿನವೇ ಇವಳನ್ನು ಗಾಡಿ ಹತ್ತಿಸಿ ಇಳಕಲ್ಲಿಗೆ ಕಳಿಸಿದ್ದೆ. ಹೋಗುತ್ತೀಯಾ ಎಂದು ಆಗಲೂ ಕೇಳಿರಲಿಲ್ಲ. ಬರೆಯಿರಿ ಎಂದೆ. ಬರೆದರು. ನಾನು ಸಹಿ ಮಾಡಿದೆ. ಖಾಜಿಯವರು ಮಸಿ ಆರಿಸಿ ಹಾಳೆಯನ್ನು ಅವಳ ಕೈಗೆ ಕೊಟ್ಟರು.

ಆ ಸಂಜೆ ಹಿತ್ತಲಲ್ಲಿ ಬಣ್ಣದ ಹಂಡೆಗಳ ಹತ್ತಿರ ಅವಳೊಬ್ಬಳೇ ಸಿಕ್ಕಳು. ಏನೇನೋ ಹೇಳಬೇಕೆಂದುಕೊಂಡಿದ್ದೆ. ತಪ್ಪಾಯಿತೆಂದು, ಪ್ರತಿ ಹಡಗಿಗೂ ಬರೆಯುತ್ತೇನೆಂದು, ಐದು ವರ್ಷ ಮುಗಿದ ದಿನವೇ ಹೊರಡುತ್ತೇನೆಂದು.

"ಎರಡು ವರ್ಷ ಆದಮ್ಯಾಲೆ ಏನ ಮಾಡ್ತಿ, ಬಾನು?" ಎಂದು ಕೇಳಿದೆ.

ನನ್ನನ್ನು ನೋಯಿಸಬೇಕೆಂದು ಅವಳ ಮುಖದಲ್ಲಿ ಏನೂ ಇರಲಿಲ್ಲ.

"ಗೊತ್ತಿಲ್ರೀ," ಎಂದಳು. "ಕೇಳಿದ್ರಿ ಅಂತ ಖರೆ ಹೇಳೀನಿ."

ಏಳು ವರ್ಷದ ಸಂಸಾರದಲ್ಲಿ ನನಗೆ ಉತ್ತರ ತಿಳಿಯದೆ ಅವಳಿಗೆ ಕೇಳಿದ ಮೊದಲ ಪ್ರಶ್ನೆ ಅದು. ಮರುದಿನ ಬಾಗಲಕೋಟೆಗೆ ಹೋಗಿ ಕಲಕತ್ತೆಯ ಕಡೆಗೆ ರೈಲು ಹತ್ತಿದೆ.